ಕರೋಡಗಿರಿಯ ಕಮಾನುಗಳು

ಆಗೆಲ್ಲ ಬೀದರಿನ ಹಳೇ ಊರಿನ ಮನೆಗಳಲ್ಲಿ ಬೈಠಕ್ ಖೋಲಿಯ ಗೋಡೆ ನೋಡಿದರೆ ಸಾಕು, ಮನೆಯ ಯಜಮಾನ ಎಂಥವನೆಂದು ತಿಳಿಯುತ್ತಿತ್ತು. ದೇವರ ಕ್ಯಾಲೆಂಡರುಗಳಿದ್ದರೆ ಅಂಗಡಿಯವರು, ಸತ್ತ ಹಿರಿಯರ ಫೋಟೊಗಳಿದ್ದರೆ ಹೊಲಮನೆಯವರು, ಬರೀ ಸುಣ್ಣ ಮತ್ತು ಒಂದು ಗಡಿಯಾರವಿದ್ದರೆ ಮಾಸ್ತರರು. ನಮ್ಮ ಮನೆಯ ಗೋಡೆಯ ಮೇಲೆ ಏಳು ಸರ್ಕಾರಿ ಕಟ್ಟಡಗಳಿದ್ದವು. ಅಂಥ ಮನೆಗಳಲ್ಲಿ ಬೆಳೆದ ನಿಮಗೂ ಕಂಡರೆ ಕೈಕಾಲು ತಣ್ಣಗಾಗುವಂಥ ಒಂದು ಜಾಗ ಇದ್ದೀತು. ಯಾರಿಗೋ ದೇವರ ಕೋಣೆ, ಯಾರಿಗೋ ಬಾವಿ. ನನಗೆ ಆ ಗೋಡೆ.

ಅವು ಫೋಟೊಗಳಲ್ಲ, ಬಣ್ಣದ ಚಿತ್ರಗಳೂ ಅಲ್ಲ. ಉಕ್ಕಿನ ತಗಡನ್ನು ಸೂಜಿಯಂಥ ಉಳಿಯಿಂದ ಗೀರಿ, ಗೀರಿನೊಳಗೆ ಮಸಿ ತುಂಬಿ, ಮೇಲೆ ಕಾಗದ ಒತ್ತಿ ತೆಗೆದ ಚಿತ್ರಗಳು. ಬಿದ್ರಿ ಕೆಲಸದವರ ಓಣಿಯಲ್ಲಿ ಆಡಿ ಬೆಳೆದ ನಮಗೆ ಲೋಹ ಗೀರುವುದು ಹೊಸದೇನೂ ಆಗಿರಲಿಲ್ಲ. ಆದರೆ ಇಷ್ಟು ಸಣ್ಣ ಗೆರೆಯನ್ನು ನಮ್ಮ ಓಣಿಯ ಯಾವ ಉಸ್ತಾದನೂ ಎಳೆದದ್ದು ಕಂಡಿರಲಿಲ್ಲ. ಒಂದು ಗೇಣು ಆಕಾಶದಲ್ಲಿ ನೂರಾರು ಗೆರೆ, ಒಂದಕ್ಕೊಂದು ತಾಗದಂತೆ. ದೂರದಿಂದ ನೋಡಿದರೆ ಮೋಡ, ಮೂಗು ಹತ್ತಿರ ಒಯ್ದರೆ ಬರೀ ಗೆರೆ. ಎಲ್ಲವೂ ಇಂಗ್ಲಿಷರ ಕಾಲದ ಕಟ್ಟಡಗಳು: ಗುಮ್ಮಟದ ಲಾಟಸಾಹೇಬನ ಮನೆ, ಕೋರ್ಟು, ಟಂಕಸಾಲೆ, ಖಜಾನೆ, ಸಮುದ್ರದ ದಂಡೆಯ ಸುಂಕದ ಕಚೇರಿ. ನಿಜಾಮರ ಕಾಲದಲ್ಲಿ ಸುಂಕದ ಇಲಾಖೆಗೆ ಕರೋಡಗಿರಿ ಅನ್ನುತ್ತಿದ್ದರಂತೆ. ಹಾಗಾಗಿ ಅಜ್ಜನ ಬಾಯಲ್ಲಿ ಆ ಚಿತ್ರದ ಹೆಸರು ಕರೋಡಗಿರಿ. ಕಾಗದದ ಅಂಚಿನಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆಗಳು. ಪ್ರತಿ ಕಟ್ಟಡದ ಮುಂದೆ, ಅದು ಎಷ್ಟು ಎತ್ತರ ಎಂದು ತೋರಿಸಲೆಂದೇ ಇಟ್ಟ ಇರುವೆಯಷ್ಟು ಜನ. ರುಮಾಲು ಸುತ್ತಿ ಕುಕ್ಕರಗಾಲಲ್ಲಿ ಕೂತವರು, ಕೊಡ ಹೊತ್ತವಳು, ನಾಯಿಗಳು.

ಅಜ್ಜ ಭಾಲ್ಕಿಯ ತಹಸೀಲಿನಲ್ಲಿ ಪೇಷ್ಕಾರನಾಗಿದ್ದವನು. ಸಾಹೇಬರ ಮುಂದೆ ಕಾಗದ ಓದಿ ಹೇಳುವ ಕೆಲಸ. ಆ ಏಳು ಚಿತ್ರಗಳು ಮೂವತ್ತು ವರ್ಷ ಅವನ ಕುರ್ಚಿಯ ಹಿಂದಿನ ಗೋಡೆಯಲ್ಲಿದ್ದವು. ಕಚೇರಿ ಹೊಸ ಕಟ್ಟಡಕ್ಕೆ ಹೋದಾಗ ಹಳೇ ಸಾಮಾನು ಹರಾಜಾಯಿತು. ಮುರಿದ ಕುರ್ಚಿಗಳ ಜೊತೆ ಅವೂ ಗಾಡಿ ಹತ್ತಿ ನಮ್ಮ ಮನೆಗೆ ಬಂದವು. ಅಜ್ಜ ನಿವೃತ್ತನಾಗಿ ಬೀದರಿಗೆ ಬಂದ ಮೇಲೂ ಕಚೇರಿ ಬಿಡಲಿಲ್ಲ. ಕಚೇರಿಯೇ ಮನೆಗೆ ಬಂತು ಅನ್ನಿ.

ದಿನಾ ಮಧ್ಯಾಹ್ನ ಊಟವಾದ ಮೇಲೆ ನಮ್ಮ ತನಖಿ ನಡೆಯುತ್ತಿತ್ತು. ಕಿಟಕಿಗೆ ಕಟ್ಟಿದ ಲಾವಂಚದ ಖಸ್ ತಟ್ಟಿಗೆ ಅವ್ವ ನೀರು ಚಿಮುಕಿಸಿ ಹೋಗುತ್ತಿದ್ದಳು. ಒದ್ದೆ ಬೇರಿನ ವಾಸನೆ, ಜೋಳದ ರೊಟ್ಟಿ ಸುಟ್ಟ ಹೊಗೆ, ಅಜ್ಜನ ತಂಬಾಕು, ಮೂರೂ ಕೂಡಿದ ಆ ಖೋಲಿಯಲ್ಲಿ ನಾವು ಮಕ್ಕಳು ಸಾಲಾಗಿ ಚಿತ್ರಗಳಿಗೆ ಬೆನ್ನು ಮಾಡಿ ನಿಲ್ಲಬೇಕು. ಅಜ್ಜ ಬೆತ್ತದಿಂದ ಗಾಜನ್ನು ಮೆಲ್ಲಗೆ ತಟ್ಟಿ ಕೇಳುತ್ತಿದ್ದ: ಕೋರ್ಟಿನ ಮೆಟ್ಟಿಲೆಷ್ಟು? ಟಂಕಸಾಲೆಯ ಚಿಮಣಿ ಎಷ್ಟು? ಲಾಟಸಾಹೇಬನ ಮನೆಯ ಎರಡನೇ ಮಜಲೆಯಲ್ಲಿ ತೆರೆದ ಕಿಟಕಿ ಎಷ್ಟು, ಮುಚ್ಚಿದ್ದೆಷ್ಟು? ಸರಿ ಹೇಳಿದವರಿಗೆ ಸಾಯಗಾಂವದ ಹೊಲದಿಂದ ಬಂದ ಮಾವಿನಹಣ್ಣು. ತಪ್ಪಿದವರು ಹೊಸ್ತಿಲ ಆಚೆ ಕುಕ್ಕರಗಾಲಲ್ಲಿ ಕೂಡಬೇಕು, ಹಿಂದೆ ಅರ್ಜಿ ತಂದವರು ಅವನ ಕಚೇರಿಯ ಹೊರಗೆ ಕೂತಂತೆ. ಅಜ್ಜ ಕರೆಯುವ ತನಕ ಏಳುವಂತಿಲ್ಲ. ಅಂಥವರಿಗೆ ಆ ಇಡೀ ದಿನ ಅರ್ಜಿದಾರ ಎಂದೇ ಹೆಸರು. ಅರ್ಜಿದಾರನಿಗೆ ನಾವು ಏನು ಬೇಕಾದರೂ ಹೇಳಬಹುದಿತ್ತು: ನೀರು ತಾ, ಕಾಲು ಒತ್ತು, ನಾಯಿಯಂಗ ಬೊಗಳು. ನಾವು ಹೇಳುತ್ತಿದ್ದೆವು ಕೂಡ. ಮಕ್ಕಳಿಗೆ ಅಧಿಕಾರ ಕೊಟ್ಟು ನೋಡಬೇಕು, ದೊಡ್ಡವರು ನಾಚುತ್ತಾರೆ.

ಇನ್ನೊಂದು ಸಂಗತಿ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಜ್ಜನಿಗೆ ಕಣ್ಣು ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಮೋತಿಬಿಂದು ಬಂದು ಗುಡ್ಡೆ ಬೆಳ್ಳಗಾಗಿತ್ತು. ಆಪರೇಷನ್ ಮಾತೆತ್ತಿದ ಅಪ್ಪನ ಜೊತೆ ಹದಿನೈದು ದಿನ ಮಾತು ಬಿಟ್ಟಿದ್ದ. ಅವ್ವ ತಾಟಿನಲ್ಲಿ ಪಲ್ಯವನ್ನು ಯಾವಾಗಲೂ ಬಲಕ್ಕೆ, ಶೇಂಗಾ ಹಿಂಡಿಯನ್ನು ಎಡಕ್ಕೆ ಇಡುತ್ತಿದ್ದಳು, ಮರೆತರೆ ಗತಿಯಿಲ್ಲ. ಚಿತ್ರಗಳ ತನಖಿಯನ್ನು ಅಜ್ಜ ನೆನಪಿನಿಂದಲೇ ಮಾಡುತ್ತಿದ್ದ. ನಾವೂ ಚಿತ್ರ ನೋಡದೆ ನೆನಪಿನಿಂದಲೇ ಹೇಳುತ್ತಿದ್ದೆವು. ದೊಡ್ಡಪ್ಪನ ಮಗ ಉತ್ತರಗಳನ್ನೆಲ್ಲ ನೋಟಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟು ನಮಗೆ ದಾಟಿಸಿದ್ದ. ಕೇಳುವವನೂ ನೋಡುವುದಿಲ್ಲ, ಹೇಳುವವರೂ ನೋಡುವುದಿಲ್ಲ, ತನಖಿ ಮಾತ್ರ ಜೋರು.

ಎಡವಟ್ಟಾದದ್ದು ಕರೋಡಗಿರಿಯಲ್ಲಿ. ಹಿಂದಿನ ವರ್ಷ ಅದರ ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ಅಪ್ಪ ಚೌಬಾರದ ಹತ್ತಿರದ ಅಂಗಡಿಗೆ ಒಯ್ದು ಹೊಸ ಚೌಕಟ್ಟು ಹಾಕಿಸಿ ತಂದ. ಅಂಗಡಿಯವನು ಚಿತ್ರದ ಸುತ್ತ ಮೊದಲಿದ್ದ ದಪ್ಪ ರಟ್ಟಿನ ಅಂಚನ್ನು ಗೆದ್ದಲು ತಿಂದಿದೆ ಎಂದು ಕಿತ್ತೆಸೆದು, ಇಡೀ ಕಾಗದ ಕಾಣುವಂತೆ ಕೂರಿಸಿದ್ದ. ಅಷ್ಟು ವರ್ಷ ರಟ್ಟಿನ ಹಿಂದೆ ಮುಚ್ಚಿಹೋಗಿದ್ದ ಎರಡು ಕಮಾನು, ಆ ತುದಿಗೊಂದು ಈ ತುದಿಗೊಂದು, ಹೊರಗೆ ಬಂದವು. ಹನ್ನೊಂದಿದ್ದ ಕಮಾನು ಹದಿಮೂರಾಯಿತು. ಅಜ್ಜನಿಗೆ ಇದು ಕಂಡಿದ್ದರೆ ತಾನೇ. ಹೊಸದರಲ್ಲಿ ನಾನೊಮ್ಮೆ ಎಣಿಸಿ ಹದಿಮೂರು ಅಂದೆ. ಕಿವಿ ಹಿಂಡಿಸಿಕೊಂಡು ಹೊಸ್ತಿಲಾಚೆ ಕೂತೆ. ಸಂಜೆ ಒಲೆಯ ಮುಂದೆ ಅವ್ವ ನನ್ನ ಕಿವಿಗೆ ಎಣ್ಣೆ ಹಚ್ಚುತ್ತ ಹೇಳಿದಳು:

"ಹನ್ನೊಂದು ಅನ್ನು, ಮುಗೀತು. ನಿಂದೇನ ಗಂಟ ಹೋಗ್ತದ?"

ನನ್ನದೇನೂ ಹೋಗಲಿಲ್ಲ. ಮರುದಿನದಿಂದ ಹನ್ನೊಂದು ಅಂದೆ, ಮಾವಿನಹಣ್ಣು ತಿಂದೆ.

ಆ ಬೇಸಿಗೆಗೆ ಕಾಶಿ ಬಂದಳು. ನನ್ನ ಸೋದರತ್ತೆಯ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಅತ್ತೆಯನ್ನು ಕೊಟ್ಟದ್ದು ಔರಾದದ ಆಚೆಯ ಒಂದು ಹಳ್ಳಿಗೆ, ಕುರಿ ಮತ್ತು ಮಳೆ ನಂಬಿದ ಹೊಲವಿದ್ದ ಮನೆಗೆ. ಅಲ್ಲಿ ಸಾಲಿ ಏಳನೇ ತನಕ. ಕಾಶಿ ಏಳು ಮುಗಿಸಿದ್ದಳು. ಮಾವ ತನ್ನ ಅಕ್ಕನ ಮಗನಿಗೆ ಅವಳನ್ನು ಕೊಡುವ ಮಾತಾಡಿಬಿಟ್ಟಿದ್ದ. ಅತ್ತೆ ಅತ್ತು ಕರೆದು ಒಂದು ಷರತ್ತಿಗೆ ಅವನನ್ನು ಒಪ್ಪಿಸಿದ್ದಳು. ತವರಲ್ಲಿ ತನ್ನ ಅಪ್ಪ ಇಟ್ಟುಕೊಂಡು ಓದಿಸುತ್ತೇನೆಂದರೆ ಹುಡುಗಿ ಹತ್ತನೇ ಮುಗಿಸಲಿ. ಇಲ್ಲವೆಂದರೆ ಮದುವೆ. ಅಂದರೆ ಎಲ್ಲ ಅಜ್ಜನ ನಾಲಗೆಯ ಮೇಲೆ ನಿಂತಿತ್ತು. ಅಜ್ಜ ಹೌದು ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. "ಬಿಟ್ಟು ಹೋಗು, ನೋಡೋಣ" ಅಂದ.

ಬಂದ ದಿನ ನಾನು ಅವಳ ಹತ್ತಿರ ಹೋಗಿ ಮೂಗು ಮುಚ್ಚಿಕೊಂಡೆ. "ಇಶ್ಶೀ, ಕುರಿ ವಾಸನಿ ಹೊಡಿತಾಳ" ಅಂದೆ. ದೊಡ್ಡಪ್ಪನ ಮಕ್ಕಳು ಬಿದ್ದು ಬಿದ್ದು ನಕ್ಕರು. ಕಾಶಿ ತನ್ನ ತೋಳನ್ನು ಒಮ್ಮೆ ಮೂಸಿ ನೋಡಿಕೊಂಡು, "ಹೌದ ಹೊಡಿತದ" ಅಂದಳು. ಅಷ್ಟೇ. ಅವಮಾನವನ್ನು ಹೀಗೆ ನೆಲಕ್ಕಿಟ್ಟು ಮುಂದೆ ಹೋಗುವವರನ್ನು ನಾನು ನೋಡಿರಲಿಲ್ಲ. ಅವತ್ತೇ ನನಗೆ ಅವಳು ಹಿಡಿಸಿದಳು. ಅವತ್ತೇ ನನಗೆ ಅವಳ ಮೇಲೆ ಸಿಟ್ಟೂ ಬಂತು.

ಮೊದಲ ತನಖಿಯಲ್ಲಿ ಅವಳನ್ನು ಅಜ್ಜ ಸುಮ್ಮನೆ ನಿಲ್ಲಿಸಿ, "ಇವತ್ತ ನೋಡು, ನಾಳೆ ಕೇಳ್ತೇನಿ" ಅಂದ. ಮಿಕ್ಕ ನಾವು ಹಣ್ಣು ತಿಂದು ಹೊರಗೆ ಗಜ್ಜುಗ ಆಡಲು ಓಡಿದೆವು. ಕಾಶಿ ಒಳಗೇ ನಿಂತಳು. ಹೋಗಿ ನೋಡಿದರೆ ಚಿತ್ರದ ಮುಂದೆ ಎರಡು ಬೆರಳು ಚಾಚಿ ತುಟಿ ಅಲ್ಲಾಡಿಸುತ್ತಿದ್ದಳು.

"ಏನ ಮಾಡ್ಲಿಕತ್ತಿ?"

"ಜೋಡಿಲೆ ಎಣಿಸ್ಲಿಕತ್ತೇನಿ. ಸಂಜಿಕ ಕುರಿ ಹಟ್ಟಿಗಿ ಬರೂಮುಂದ ಹಿಂಗ ಎಣಿಸ್ತೇವಿ. ಅವು ನಿಲ್ಲಂಗಿಲ್ಲ, ಒಂದರ ಮ್ಯಾಲ ಒಂದ ಏರ್ತಾವ. ಇವು ಪಾಪ ನಿಂತಾವಲ್ಲ, ಹಗೂರ ಅದ."

ಮರುದಿನ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಕೇಳದ್ದನ್ನೂ ಹೇಳಿದಳು. ಟಂಕಸಾಲೆಯ ಮುಂದೆ ಮೂರು ನಾಯಿಗಳಿವೆ, ಒಂದಕ್ಕೆ ಬಾಲವಿಲ್ಲ. ಖಜಾನೆಯ ಪಹರೆಯವನು ನಿದ್ದೆ ಹೊಡೆಯುತ್ತಿದ್ದಾನೆ, ಗೋಣು ವಾಲಿದೆ. ಅಜ್ಜನ ಮುಖ ಅರಳಿದ್ದನ್ನು ನಾನು ಮೊದಲ ಸಲ ನೋಡಿದೆ. ಅಷ್ಟು ವರ್ಷದ ಚಿತ್ರದಲ್ಲಿ ಅವನಿಗೇ ಗೊತ್ತಿಲ್ಲದ ನಾಯಿ! ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡ. ದಿನಾ ಚಹಾದ ಹೊತ್ತಿಗೆ "ಕಾಶೀ, ಇವತ್ತ ಎಡಗಡೆ ಮೂಲಿ ನೋಡಿ ಹೇಳು" ಅನ್ನತೊಡಗಿದ. ಅವಳು ಹೇಳುತ್ತಿದ್ದಳು, ಅವನು ಬಿಳಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಅವನ ಬಟ್ಟಲಿನ ಅರ್ಧ ಬಿಸ್ಕತ್ತು ಅಲ್ಲಿಯ ತನಕ ನನ್ನದಾಗಿತ್ತು. ಅದು ಅವಳಿಗೆ ಹೋಯಿತು.

ಹಾಗಂತ ನಾನು ಅವಳನ್ನು ದ್ವೇಷಿಸುತ್ತಿದ್ದೆ ಅಂದರೆ ಅದೂ ಸುಳ್ಳು. ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಉಪ್ಪು ಖಾರ ಹಚ್ಚಿದ ಹುಣಸೆಕಾಯನ್ನು ಒಬ್ಬರು ಕಚ್ಚಿದ್ದನ್ನು ಇನ್ನೊಬ್ಬರು ಕಚ್ಚುತ್ತಿದ್ದೆವು. ಹೈಸ್ಕೂಲಿಗೆ ಸೇರಿದರೆ ಯಾವ ಓಣಿಯಿಂದ ನಡೆದು ಹೋಗುವುದು, ಮಳೆ ಬಂದರೆ ಒಂದೇ ಛತ್ರಿ ಸಾಕೇ ಎರಡು ಬೇಕೇ, ಎಲ್ಲ ಮಾತಾಡಿಯಾಗಿತ್ತು. ಅವಳಿಗೆ ನೀಲಿ ಲಂಗದ ಯೂನಿಫಾರಮ್ಮಿನದೇ ಧ್ಯಾನ. ಒಂದು ದಿನ ಇಬ್ಬರೂ ಕರೋಡಗಿರಿಯ ಮುಂದೆ ನಿಂತು ಕಮಾನು ಎಣಿಸಿದೆವು.

"ಆರು ಜೋಡಿ, ಒಂದ ಒಂಟಿ. ಹದಿಮೂರು. ಹೌದಿಲ್ಲ ಪ್ರಭಾ?"

"ಹೌದು, ಹದಿಮೂರು," ಅಂದೆ.

ಅವಳು ಬಂದ ಮೇಲೆ ಅಜ್ಜ ಕರೋಡಗಿರಿಯ ಕಮಾನು ಇನ್ನೂ ಕೇಳಿರಲಿಲ್ಲ. ಅಜ್ಜನಿಗೆ ಹನ್ನೊಂದು ಬೇಕು ಎಂಬ ಮಾತು ನನ್ನ ಹಲ್ಲಿನ ಹಿಂದೆಯೇ ಇತ್ತು. ಹೇಳಲಿಲ್ಲ. ಒಂದು ಸಲ ಅವಳೂ ಹೊಸ್ತಿಲ ಆಚೆ ಕೂರಲಿ ಅನ್ನಿಸಿತು. ಒಂದೇ ಸಲ. ಅವಳು ಅರ್ಜಿದಾರಳಾಗಿ ನನಗೆ ಒಂದು ದಿನ ನೀರು ತಂದುಕೊಡಲಿ ಎಂದು ಆಸೆಪಟ್ಟೆ.

ಅಷ್ಟರಲ್ಲಿ ಹುಡುಗಿಯರ ಸಾಲಿಯ ಹೆಡ್ ಮಾಸ್ತರರು ನಮ್ಮ ಮನೆಗೆ ಬರುವ ದಿನ ಗೊತ್ತಾಯಿತು. ಅಜ್ಜನೇ ಹೇಳಿಕಳಿಸಿದ್ದ. ಅಂದರೆ ಕಾಶಿಯನ್ನು ಇಟ್ಟುಕೊಳ್ಳುವುದು ಹೆಚ್ಚುಕಡಿಮೆ ಗಟ್ಟಿ. ಅವ್ವ ಬೆಳಿಗ್ಗೆಯೇ ಕಾಶಿಯ ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹೆಣೆದಳು. ನನ್ನನ್ನು ಅಡುಗೆಮನೆಯ ಮೂಲೆಗೆ ಎಳೆದು ಕೇಳಿದಳು:

"ಕರೋಡಗಿರಿದು ಅಕಿಗಿ ಹೇಳೀಯಿಲ್ಲ?"

"ಹೇಳೇನಿ," ಅಂದೆ.

ಅದು ಆ ದಿನದ ಮೊದಲ ಸುಳ್ಳು. ಇವತ್ತಿಗೂ ಲೆಕ್ಕ ಸ್ಪಷ್ಟವಿದೆ. ಅವತ್ತು ನಾನು ಎರಡು ಸುಳ್ಳು ಹೇಳಿದೆ, ಮೊದಲನೆಯದನ್ನು ಯಾರೂ ನನ್ನಿಂದ ಹೆದರಿಸಿ ಹೇಳಿಸಲಿಲ್ಲ.

ಹೆಡ್ ಮಾಸ್ತರರು ತೆಳ್ಳಗಿನ ಮನುಷ್ಯ, ಬಿಳಿ ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಕುರ್ಚಿಯ ತುದಿಯಲ್ಲಿ ಕೂತು ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದರು. ಅಜ್ಜ ಇಸ್ತ್ರಿ ಮಾಡಿದ ಶೇರವಾನಿ ತೊಟ್ಟು ತನ್ನ ಗೋಡೆಯ ಕೆಳಗೆ ನೆಟ್ಟಗೆ ಕೂತಿದ್ದ. ನನ್ನನ್ನೂ ಕಾಶಿಯನ್ನೂ ಕರೆದು ಚಿತ್ರಗಳಿಗೆ ಬೆನ್ನು ಮಾಡಿ ನಿಲ್ಲಿಸಿದ. ಅವ್ವ ಒಳಬಾಗಿಲ ಪರದೆಯ ಹಿಂದೆ ನಿಂತಿದ್ದಳು, ಅವಳ ಕಾಲುಂಗುರ ಕಾಣುತ್ತಿತ್ತು.

"ಕಾಶೀ. ಕೋರ್ಟು. ಮೆಟ್ಟಲ ಎಷ್ಟು?"

"ಹತ್ತೊಂಬತ್ತು ರಿ ಅಜ್ಜಾ. ಕಡೀದು ಒಂದ ಕಡಿ ಒಡದದ."

ಹೆಡ್ ಮಾಸ್ತರರು ಎದ್ದು ನೋಡಿ, "ಅರೇ ವಾಹ್, ಒಡದದ ನೋಡ್ರಿ!" ಅಂದರು. ಅಜ್ಜನ ಮೀಸೆಯ ಕೆಳಗೆ ನಗು. ಟಂಕಸಾಲೆ ಕೇಳಿದ, ಹೇಳಿದಳು. ಖಜಾನೆ ಕೇಳಿದ, ಹೇಳಿದಳು. "ಇಂಥಾ ಕಣ್ಣು ನಮ್ಮ ಸಾಲ್ಯಾಗ ಒಂದೂ ಇಲ್ರಿ ಸಾಹೇಬ್ರ," ಅಂದರು ಹೆಡ್ ಮಾಸ್ತರರು. ಅಲ್ಲಿಗೆ ಮುಗಿಸಬಹುದಿತ್ತು. ಹೊಗಳಿಕೆ ಕಿವಿಗೆ ಬಿದ್ದ ಅಜ್ಜನಿಗೆ ಇನ್ನೊಂದು ಬೇಕಾಯಿತು.

"ಕರೋಡಗಿರಿ. ಕಮಾನ ಎಷ್ಟು?"

"ಹದಿಮೂರು ರಿ."

"ಎಷ್ಟು?"

"ಹದಿಮೂರು ರಿ ಅಜ್ಜಾ."

ಅಜ್ಜ ಬೆತ್ತವನ್ನು ನೆಲಕ್ಕೆ ಕುಟ್ಟಿದ. "ಹನ್ನೊಂದು. ಮೂವತ್ತ ವರ್ಷ ಭಾಲ್ಕಿ ಕಚೇರ್ಯಾಗ ನನ್ನ ತಲಿ ಮ್ಯಾಲ ಇತ್ತದು. ಗಡಿಬಿಡಿ ಮಾಡಬ್ಯಾಡ. ಸಮಾ ನೆನಸಿ ಹೇಳು."

ನನಗಾದರೆ ಇಷ್ಟು ಸೂಚನೆ ಸಾಕಿತ್ತು. ಯಾರಿಗಾದರೂ ಸಾಕಿತ್ತು. ಕಾಶಿ ಕುರಿ ಎಣಿಸುವ ಮನೆಯವಳು. ಅಲ್ಲಿ ಒಂದು ಕಡಿಮೆ ಹೇಳಿದರೆ ಒಂದು ಕುರಿ ಕಾಡಿನಲ್ಲಿ ಉಳಿಯುತ್ತದೆ. ಅವಳು ತಿರುಗಿ ಚಿತ್ರ ನೋಡಿ, ಇನ್ನೊಮ್ಮೆ ಎರಡು ಬೆರಳು ಚಾಚಿ ಎಣಿಸಿ, ಖುಷಿಯಿಂದಲೇ ಅಂದಳು:

"ಇಲ್ರಿ ಅಜ್ಜಾ, ಆರು ಜೋಡಿ, ಒಂದ ಒಂಟಿ. ಬರ್ರಿ ಇಲ್ಲಿ, ನಿಮ್ಮ ಬೆರಳ ಇಟ್ಟ ಎಣಿಸಿ ತೋರಸ್ತೇನಿ."

ಅಷ್ಟು ಹೇಳಿ ಅವನ ಕೈ ಹಿಡಿದಳು. ಗಾಜಿನ ತನಕ ಒಯ್ದಳು. ಅಜ್ಜನ ಬೆರಳು ಗಾಜಿನ ಮೇಲೆ ಕಮಾನಿನಿಂದ ಕಮಾನಿಗೆ ಹೋಗಲಾರದೆ ಆಕಾಶದಲ್ಲೆಲ್ಲೋ ತಡಕಾಡಿತು. ಹೆಡ್ ಮಾಸ್ತರರು ಆ ಬೆರಳನ್ನು ನೋಡಿದರು. ಆಮೇಲೆ ಅಜ್ಜನ ಕಣ್ಣುಗಳನ್ನು ನೋಡಿದರು. ಖಸ್ ತಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಜ್ಜ ಕೈ ಕೊಡವಿ ಬಿಡಿಸಿಕೊಂಡ.

"ಪ್ರಭಾ. ನೀ ಹೇಳು."

ನಾನು ತಿರುಗಿದೆ. ಹದಿಮೂರು ಕಮಾನುಗಳು ಮಟಮಟ ಮಧ್ಯಾಹ್ನದ ಬೆಳಕಿನಲ್ಲಿ ಒಂದೊಂದೂ ಕಾಣುತ್ತಿದ್ದವು. ಪಕ್ಕದಲ್ಲಿ ಕಾಶಿ ನನ್ನ ಕಡೆ ನೋಡಿ ನಗುತ್ತಿದ್ದಳು. ಮೊನ್ನೆ ಜೊತೆಗೇ ಎಣಿಸಿದವಳು ನಾನು, ಇನ್ನೇನು ಹೇಳಿಬಿಡುತ್ತೇನೆ ಎಂಬ ಧೈರ್ಯ ಅವಳಿಗೆ. ಹೆದರಿ ಹೇಳಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆ ಇತ್ತು, ನಿಜ. ಆದರೆ ಹೆದರಿಕೆಯ ಕೆಳಗೆ ಒಂದು ಸಣ್ಣ ರುಚಿಯೂ ಇತ್ತು.

"ಹನ್ನೊಂದು ರಿ ಅಜ್ಜಾ."

ಕಾಶಿಯ ನಗು ಒಮ್ಮೆಲೇ ಹೋಗಲಿಲ್ಲ. ಅರ್ಥವಾಗದೆ ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ಉಳಿಯಿತು. ಅದನ್ನು ನೋಡುವುದೇ ಕಷ್ಟವಾಯಿತು.

"ಮಾಸ್ತರ, ನೀವು ಒಮ್ಮೆ ನೋಡ್ರಿ," ಅಂದ ಅಜ್ಜ.

ಹೆಡ್ ಮಾಸ್ತರರು ಕನ್ನಡಕ ಒರೆಸಿಕೊಂಡರು. ಚಿತ್ರದ ಹತ್ತಿರ ಹೋದರು. ಕಿರುಬೆರಳಿನಿಂದ ಎಡದಿಂದ ಬಲಕ್ಕೆ ಎಣಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಕೊನೆಯ ಕಮಾನಿನ ಮೇಲೆ ಬೆರಳು ಒಂದು ಗಳಿಗೆ ನಿಂತಿತು. ಹಿಂದಿರುಗಿ ಬಂದು ಕುರ್ಚಿಯಲ್ಲಿ ಕೂತು ಅಂದರು:

"ಇಷ್ಟ ವರ್ಷ ನೋಡಿದವ್ರು ತಾವು. ತಮಗ ತಪ್ಪತದೇನ್ರಿ?"

ಆ ಖೋಲಿಯಲ್ಲಿ ಕಣ್ಣು ಕಾಣುವವರು ಮೂವರಿದ್ದೆವು, ಪರದೆಯ ಹಿಂದೆ ಅವ್ವನನ್ನೂ ಹಿಡಿದರೆ ನಾಲ್ಕು. ನಿಜ ಹೇಳಿದವಳು ಒಬ್ಬಳು. ಅಜ್ಜ ಅವಳಿಗೆ ಬೆತ್ತದಿಂದ ಹೊಸ್ತಿಲು ತೋರಿಸಿದ. ಕಾಶಿ ಹೋಗಿ ಹೊರಗೆ ಕುಕ್ಕರಗಾಲಲ್ಲಿ ಕೂತಳು, ಹೊಸ ಜಡೆ ಎರಡೂ ಮುಂದಕ್ಕೆ ಬಿದ್ದಿದ್ದವು.

"ಎದುರ ಮಾತಾಡೂ ಹುಡುಗಿಗಿ ಸಾಲಿ ಕಲಿಸಿ ಏನ ಮಾಡೂದದ?" ಅಂದ ಅಜ್ಜ ಹೆಡ್ ಮಾಸ್ತರರಿಗೆ. "ನೀವು ಸುಮ್ಮ ತ್ರಾಸ ತಗೊಂಡ್ರಿ."

ಹೆಡ್ ಮಾಸ್ತರರು ಬಟ್ಟಲಿನಲ್ಲಿ ಉಳಿದ ಚಹಾ ಕುಡಿದು ಎದ್ದರು. ಹೊಸ್ತಿಲು ದಾಟುವಾಗ ಕಾಶಿಯ ಕಾಲು ತುಳಿಯದಂತೆ ಚಪ್ಪಲಿ ಎತ್ತಿಟ್ಟು ಹೋದರು.

ಅವ್ವ ಅವತ್ತು ಸಂಜೆ ನನ್ನ ಜೊತೆ ಮಾತಾಡಲಿಲ್ಲ, ಅಜ್ಜನ ಜೊತೆಯೂ ಮಾತಾಡಲಿಲ್ಲ. ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದು, ಪುಂಡಿಪಲ್ಯದ ಜೊತೆ ಬಟ್ಟೆಯಲ್ಲಿ ಕಟ್ಟಿದಳು. ಬೆಳಿಗ್ಗೆ ಕಾಶಿಯನ್ನು ಔರಾದದ ಬಸ್ಸಿಗೆ ಕೂರಿಸಲು ಅಪ್ಪ ಹೊರಟ. ಯಾರ ಮಾತೂ ಕೇಳದೆ ಅಜ್ಜನೂ ಹೊರಟ. ಕಾಶಿಯ ಹೆಗಲ ಮೇಲೆ ಕೈಯಿಟ್ಟುಕೊಂಡೇ ಓಣಿ ದಾಟಿದನಂತೆ. ಅವರು ಹೊರಡುವಾಗ ನಾನು ಕೌದಿಯೊಳಗೆ ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಬಿದ್ದಿದ್ದೆ. ಅವಳು ಒಳಗೆ ಬಂದು ತನ್ನ ಚೀಲ ತೆಗೆದುಕೊಂಡಳು. ಒಂದು ಮಾತೂ ಆಡದೆ ಹೋದಳು. ನಮ್ಮ ಕಡೆ ಹಾಗೆ ಹೋಗುವವರಿಲ್ಲ. ನೆರೆಮನೆಯಿಂದ ಏಳುವಾಗಲೂ ಹೋಗಿ ಬರ್ತೇನಿ ಅನ್ನಬೇಕು. ಬರೀ ಹೋಗುವುದು ಸತ್ತವರಿಗೆ ಮಾತ್ರ.

ಆ ಮಧ್ಯಾಹ್ನವೂ ತನಖಿ ನಡೆಯಿತು. ಅಜ್ಜ ಆರು ಚಿತ್ರಗಳನ್ನು ಕೇಳಿದ. ಕರೋಡಗಿರಿಯನ್ನು ಕೇಳಲಿಲ್ಲ. ಅವತ್ತಷ್ಟೇ ಅಲ್ಲ, ಸಾಯುವ ತನಕ ಇನ್ನೊಮ್ಮೆ ಕೇಳಲಿಲ್ಲ. ಅವನಿಗೆ ಬೇಸರವಾಗಿದೆ ಎಂದುಕೊಂಡೆ. ಅರ್ಧ ಬಿಸ್ಕತ್ತು ಮತ್ತೆ ನನ್ನದಾಯಿತು, ತಿಂದೆ.

ಮುಂದಿನ ಬೇಸಿಗೆಗೆ ಮೊದಲೇ ಕಾಶಿಯ ಮದುವೆಯಾಯಿತು. ನನಗೆ ಪರೀಕ್ಷೆ ಇತ್ತು, ಹೋಗಲಿಲ್ಲ. ಅವಳು ನಮ್ಮ ಮನೆಗೆ ಮತ್ತೆ ಕಾಲಿಡಲಿಲ್ಲ. ಅಜ್ಜ ತೀರಿಕೊಂಡಾಗ ಅತ್ತೆ ಬಂದಳು, ಅವಳು ಬರಲಿಲ್ಲ. ನಾನು ಓದಿದೆ, ಬೀದರಿನಲ್ಲೇ ಕಾಲೇಜಿನಲ್ಲಿ ಇತಿಹಾಸ ಹೇಳುವ ಕೆಲಸ ಸಿಕ್ಕಿತು. ಹಳೇ ಕಟ್ಟಡಗಳ ಬಗ್ಗೆ ಮಕ್ಕಳಿಗೆ ಪಾಠ ಮಾಡುವಾಗ, ಕಣ್ಣಿಂದ ನೋಡದೆ ಏನನ್ನೂ ಬರೆಯಬೇಡಿ ಎಂದು ಹೇಳುತ್ತೇನೆ. ಹೇಳಲು ನನಗೆ ನಾಚಿಕೆಯಾಗುವುದಿಲ್ಲ. ಸಂಬಳ ಬರುತ್ತದೆ.

ಹೋದ ವರ್ಷ ಅತ್ತೆ ತೀರಿಕೊಂಡಳು. ಮೂರನೇ ದಿನಕ್ಕೆ ನಾನು ಔರಾದದ ಆಚೆಯ ಆ ಹಳ್ಳಿಗೆ ಹೋದೆ. ಕಾಶಿ ಅಂಗಳದಲ್ಲಿ ಕೂತು ಹರಿದ ಕಂಬಳಿ ಹೊಲಿಯುತ್ತಿದ್ದಳು. ಕನ್ನಡಕವಿಲ್ಲ, ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದಳು. ಗಂಡ ಹೋಗಿ ಆರು ವರ್ಷವಾಗಿದೆ. ಒಬ್ಬ ಮಗ ಬೀದರಿನ ಹತ್ತಿರದ ಕೊಳಾರದಲ್ಲಿ ಗೋದಾಮಿನ ಕೆಲಸಕ್ಕಿದ್ದಾನೆ, ಇನ್ನೊಬ್ಬ ಕುರಿಗಳ ಹಿಂದೆ. ಅತ್ತೆಯ ಬಗ್ಗೆ ಮಾತಾಡಿದೆವು, ಮಳೆಯ ಬಗ್ಗೆ ಮಾತಾಡಿದೆವು. ಆಮೇಲೆ ಆ ದಿನದ ಮಾತು ನಾನೇ ತೆಗೆದೆ.

"ಕಾಶೀ, ಅವತ್ತು ನಾ ಸುಳ್ಳ ಹೇಳಿದ್ನಿ."

"ಗೊತ್ತದ," ಅಂದಳು ತಲೆ ಎತ್ತದೆ. "ಅಜ್ಜಗೂ ಗೊತ್ತಿತ್ತು."

ನನಗೆ ಅರ್ಥವಾಗಲಿಲ್ಲ. ಅವಳು ಹೊಲಿಯುತ್ತಲೇ ಹೇಳಿದಳು. ಬಸ್ ನಿಲ್ದಾಣದಲ್ಲಿ ಅಪ್ಪ ಟಿಕೀಟಿಗೆ ಹೋದಾಗ ಅಜ್ಜ ಮತ್ತು ಅವಳು ಇಬ್ಬರೇ ಕಲ್ಲು ಬೆಂಚಿನ ಮೇಲೆ ಕೂತಿದ್ದರಂತೆ.

"ಮೆಲ್ಲಕ ಕೇಳಿದಾ, ಖರೇ ಹದಿಮೂರ ಅವೇನು ಅಂತ. ಹೌದ್ರಿ ಅಂದ್ನಿ. ಕಡೀ ಎರಡರಾಗ ಏನ ಅದ ಅಂದಾ. ಎಡಕಿನದ್ರಾಗ ಚೀಲ ಒಟ್ಟ್ಯಾರ, ಬಲಕಿನದ್ರಾಗ ಒಬ್ಬಾಕಿ ಕೂಸಿನ ಎತ್ಕೊಂಡ ನಿಂತಾಳ ಅಂದ್ನಿ. ಕೂಸಿಗಿ ಕುಲಾಯಿ ಅದೇನು ಅಂತ ಕೇಳಿದಾ. ಅದ ರಿ ಅಂದ್ನಿ. ಇಷ್ಟ ವರ್ಷ ನಾ ಅಕಿನ್ನ ನೋಡೇ ಇಲ್ಲಲ್ಲ, ಅಂತ ನಕ್ಕಾ. ನನ್ನ ತಲಿ ಮ್ಯಾಲ ಕೈ ಇಟ್ಟಾ. ಮನಿಗಿ ಕರ್ಕೊಂಡ ಹೋಗ್ತಾನಂತ ನಾ ಚೀಲ ಎತ್ತಿ ನಿಂತ್ನಿ. ಅಷ್ಟರಾಗ ಬಸ್ ಬಂತು. ಹತ್ತು ಅಂದಾ."

ದಾರ ಕಚ್ಚಿ ಕಡಿದಳು. ಅಜ್ಜ ಎಲ್ಲ ಕೇಳಿ, ಎಲ್ಲ ತಿಳಿದು, ಅವಳ ಕಣ್ಣಲ್ಲಿದ್ದ ಕೊನೆಯ ಎರಡು ಕಮಾನುಗಳನ್ನೂ ಇಸಿದುಕೊಂಡು ಅವಳನ್ನು ಬಸ್ಸು ಹತ್ತಿಸಿದ್ದ. ಮೂವತ್ತೈದು ವರ್ಷ ನನ್ನ ಸುಳ್ಳೇ ಅವಳನ್ನು ಕಳಿಸಿತು ಎಂದು ನಾನು ಹೊತ್ತು ತಿರುಗಿದ್ದೆ. ಈಗ ನೋಡಿದರೆ ಆ ಸುಳ್ಳಿಗೆ ಅಷ್ಟು ಬೆಲೆಯೂ ಇರಲಿಲ್ಲ. ಒಂದು ಗಳಿಗೆ ನನಗೆ ಹಗುರವಾಯಿತು, ಸುಳ್ಳಾಡುವುದಿಲ್ಲ.

"ಹಂಗಾರ ನಾ ಹದಿಮೂರು ಅಂದಿದ್ರೂ ಅಂವ ನಿನ್ನ ಕಳಸ್ತಿದ್ದ."

"ಕಳಸ್ತಿದ್ದ," ಅಂದಳು ಕಾಶಿ. ಈಗ ತಲೆಯೆತ್ತಿ ನನ್ನನ್ನು ನೋಡಿದಳು, ಬೇಡದ ಸಾಮಾನನ್ನು ನೋಡಿದಂತೆ. "ಅಂವ ಕಳಸಿದ್ದಕ್ಕ ನನಗ ಸಿಟ್ಟಿಲ್ಲ. ಮುದುಕ, ಕುರುಡ, ಮಾನಕ್ಕ ಅಂಜಿದಾ. ನಿನಗ ಕಣ್ಣ ಇತ್ತು. ಅಷ್ಟ ಮಂದ್ಯಾಗ ನಾ ಒಬ್ಬಾಕೀನೇ ಆದ್ನಿ."

ಚಹಾ ತಂದ ಅವಳ ಸೊಸೆ ಇಬ್ಬರ ಮುಖವನ್ನೂ ನೋಡಿ ಬಟ್ಟಲು ಇಟ್ಟು ಒಳಗೆ ಹೋದಳು.

ಅಜ್ಜನ ಮನೆ ಈಗಿಲ್ಲ, ಅಲ್ಲಿ ಮೂರು ಮಜಲೆಯ ಬಟ್ಟೆಯಂಗಡಿ ಎದ್ದಿದೆ. ಏಳು ಚಿತ್ರಗಳನ್ನು ಅಪ್ಪ ಹೈದರಾಬಾದಿನ ಹಳೇ ಸಾಮಾನಿನ ವ್ಯಾಪಾರಿಗೆ ಕೊಟ್ಟುಬಿಟ್ಟ. ಅಂಥವು ಈಗ ದೊಡ್ಡ ಹೋಟೆಲುಗಳ ಗೋಡೆಯ ಮೇಲೆ ಕಾಣುತ್ತವೆ, ಯಾರೂ ಎಣಿಸುವುದಿಲ್ಲ. ಅವು ಹೋದದ್ದಕ್ಕೆ ನನಗೆ ಒಂದು ಹನಿ ದುಃಖವಿಲ್ಲ. ಒಂದೇ ಕೌದಿಯಲ್ಲಿ ಮಲಗಿ, ಒಂದೇ ಹುಣಸೆಕಾಯಿ ಕಚ್ಚಿದವಳು ಹೋದಳು. ಅಂಥವಳು ಮತ್ತೆ ಸಿಗಲಿಲ್ಲ, ಸಿಕ್ಕಿದ್ದರೂ ಅವಳಿಗೆ ತಕ್ಕವಳಾಗಿ ನಾನು ಉಳಿದಿರಲಿಲ್ಲ.

ಚಹಾ ಮುಗಿಸಿ ಎದ್ದೆ. ಚಪ್ಪಲಿ ಮೆಟ್ಟಿ, ಅಂಗಳದ ತುದಿಗೆ ಬಂದು ತಿರುಗಿ ನಿಂತೆ.

"ಹೋಗಿ ಬರ್ತೇನಿ, ಕಾಶಿ."

"ಹೂಂ," ಅಂದಳು. ಹೋಗಿ ಬಾ ಅನ್ನಲಿಲ್ಲ.